ಕಾಯುವವರು ಯಾರು, ಕಾಯ್ದಿರಿಸುವವರು ಯಾರು?

ಜೆ.ಪಿ. ನಗರ ಎರಡನೇ ಹಂತದ ರಂಗಶಂಕರಕ್ಕೆ ನಾಟಕ ನೋಡಲು ಹೋಗುವವರಿಗೆ ಒಂದು ವಿಷಯ ಗೊತ್ತಿರುತ್ತದೆ. ಟಿಕೆಟ್ಟನ್ನು ವಾರದ ಮೊದಲೇ ಫೋನಿನಲ್ಲಿ ಕೊಂಡಿದ್ದರೂ ಅದರ ಮೇಲೆ ಕುರ್ಚಿಯ ಸಂಖ್ಯೆ ಇರುವುದಿಲ್ಲ. ಮೊದಲು ಬಂದವರು ಮೊದಲು ಒಳಗೆ ಹೋಗಿ ತಮಗೆ ಬೇಕಾದ ಕಡೆ ಕೂರುತ್ತಾರೆ. ಹಾಗಾಗಿ ನಾಟಕದ ಹೊತ್ತಿಗೆ ಮುಂಚೆಯೇ ಅಲ್ಲೊಂದು ಸಾಲು ಹುಟ್ಟಿಕೊಳ್ಳುತ್ತದೆ. ಕಳೆದ ತಿಂಗಳು ಆ ಸಾಲಿನಲ್ಲಿ ನನ್ನ ಜೊತೆ ನಿಂತಿದ್ದ ಗೆಳೆಯನಿಗೆ ಸಿಟ್ಟು ಬಂತು. "ದುಡ್ಡು ಕೊಟ್ಟು ಬುಕ್ ಮಾಡಿ ಆಮೇಲೂ ಲೈನಲ್ಲಿ ನಿಲ್ಲೋದಾದ್ರೆ ಬುಕ್ ಮಾಡಿದ್ದು ಯಾತಕ್ಕೆ?" ಎಂದ.

ಅವನ ಸಿಟ್ಟಿಗೆ ಒಂದು ಹಿನ್ನೆಲೆಯಿತ್ತು. ಎರಡು ವಾರದ ಹಿಂದಷ್ಟೇ ನಾವಿಬ್ಬರೂ ಅವನ ಅಕ್ಕನ ಮಗನನ್ನು ಕರೆದುಕೊಂಡು ಊರ ಹೊರಗಿನ ಒಂದು ಮನರಂಜನಾ ಪಾರ್ಕಿಗೆ ಹೋಗಿದ್ದೆವು. ಅಲ್ಲಿ ಹೆಚ್ಚು ದುಡ್ಡು ಕೊಟ್ಟು ಸಾಲು ತಪ್ಪಿಸುವ ಟಿಕೆಟ್ಟನ್ನು ಮುಂಚೆಯೇ ಕೊಂಡಿದ್ದೆವು. ಒಂದು ರೈಡಿಗೂ ಹತ್ತು ನಿಮಿಷಕ್ಕಿಂತ ಹೆಚ್ಚು ನಿಂತಿರಲಿಲ್ಲ. ಆ ಸುಖದ ನೆನಪು ಇನ್ನೂ ಹಸಿಯಾಗಿದ್ದ ಅವನಿಗೆ ರಂಗಶಂಕರದ ಸಾಲು ಹಳೇ ಕಾಲದ್ದೆನ್ನಿಸಿತು. ನನಗೆ ಅವನ ಪ್ರಶ್ನೆ ಸುಲಭದ್ದಲ್ಲ ಎನ್ನಿಸಿತು. ಎರಡು ಕಡೆಯೂ ನಾವು ಮುಂಗಡ ಕಾಯ್ದಿರಿಸಿದ್ದೆವು. ಆದರೆ ಕಾಯ್ದಿರಿಸಿದ್ದು ಒಂದೇ ವಸ್ತುವನ್ನೇ?

ದಕ್ಷಿಣ ಬೆಂಗಳೂರಿನ ಮಕ್ಕಳಿಗೆ ರೋಲರ್ ಕೋಸ್ಟರ್ ಎಂದರೆ ಮೊದಲು ನೆನಪಾಗುವುದು ಬಿಡದಿ ಬಳಿಯ ವಂಡರ್‌ಲಾ. 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಿಂದ ಶುರುವಾದ ಉದ್ಯಮ 2005ರಲ್ಲಿ ಮೈಸೂರು ರಸ್ತೆಗೆ ಬಂತು. ಜಯನಗರ, ಬನಶಂಕರಿಗಳ ಎಷ್ಟೋ ಶಾಲೆಗಳ ವಾರ್ಷಿಕ ಪ್ರವಾಸ ಅಲ್ಲಿಗೇ. ಏಳನೇ ತರಗತಿಯಲ್ಲಿ ನಾನೂ ಹೋಗಿದ್ದೆ. ರೈಡುಗಳಿಗಿಂತ ಹೆಚ್ಚು ನೆನಪಿರುವುದು ಕಬ್ಬಿಣದ ಕಂಬಿಗಳ ನಡುವೆ ಹಾವಿನಂತೆ ಸುತ್ತುವ ಸಾಲು. ಅಲ್ಲಿ ಅಂತ್ಯಾಕ್ಷರಿ ಆಡಿದ್ದು, ಮೇಲಿಂದ ಕೇಳುವ ಚೀರಾಟಕ್ಕೆ ಹೊಟ್ಟೆ ತಣ್ಣಗಾಗಿದ್ದು, ಯಾವಾಗಲೂ ಧೈರ್ಯದ ಮಾತಾಡುತ್ತಿದ್ದ ಹುಡುಗ ಸರದಿ ಹತ್ತಿರ ಬಂದಂತೆ ಹಿಂದೆ ಸರಿದದ್ದು. ಈಗ ಅಲ್ಲಿ ಸಾಮಾನ್ಯ ಟಿಕೆಟ್ಟಿನ ಜೊತೆಗೆ ಫಾಸ್ಟ್‌ಟ್ರ್ಯಾಕ್ ಎಂಬ ದುಬಾರಿ ಟಿಕೆಟ್ಟೂ ಇದೆ. ಅದನ್ನು ಕೊಂಡವರಿಗೆ ಬೇರೆ ಸಾಲು, ಬೇಗ ಪ್ರವೇಶ. ಜಗತ್ತಿನ ದೊಡ್ಡ ಪಾರ್ಕುಗಳಲ್ಲೆಲ್ಲ ಇಂಥದ್ದು ಮಾಮೂಲು. ಹಾಗಾಗಿ ಇದು ಒಂದು ಸಂಸ್ಥೆಯ ಮೇಲಿನ ದೂರಲ್ಲ. ಈ ಪದ್ಧತಿ ಎಲ್ಲಿಂದ ಬಂತು, ನಮ್ಮ ಭಾಷೆ ಮತ್ತು ಅನುಭವದಲ್ಲಿ ಅದಕ್ಕೆ ಏನರ್ಥ ಎಂದು ಕೇಳಿಕೊಳ್ಳುವುದಷ್ಟೇ ಇಲ್ಲಿನ ಉದ್ದೇಶ.

ಜಾತ್ರೆಯಲ್ಲಿ ಒಂದೊಂದು ಆಟಕ್ಕೆ ಒಂದೊಂದು ದರ. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದರೆ ತೊಟ್ಟಿಲಿಗೆ ಬೇರೆ ದುಡ್ಡು, ಕುದುರೆ ಸುತ್ತಾಟಕ್ಕೆ ಬೇರೆ ದುಡ್ಡು. 1955ರಲ್ಲಿ ಶುರುವಾದ ಅಮೆರಿಕದ ಡಿಸ್ನಿಲ್ಯಾಂಡಿನಲ್ಲೂ ಹಾಗೆಯೇ ಬೇರೆ ಬೇರೆ ದರದ ಟಿಕೆಟ್ ಪುಸ್ತಕಗಳಿದ್ದವು. 1982ರಲ್ಲಿ ಅವು ಹೋಗಿ ಬಾಗಿಲಲ್ಲಿ ಒಂದೇ ದರ, ಒಳಗೆ ಎಲ್ಲವೂ ಮುಕ್ತ ಎಂಬ ಪದ್ಧತಿ ಬಂತು. ಈ ಬದಲಾವಣೆಯ ಪರಿಣಾಮ ದೊಡ್ಡದು. ಬಾಗಿಲು ದಾಟಿದ ಮೇಲೆ ದುಡ್ಡಿಗೆ ಕೆಲಸವಿಲ್ಲ. ಒಳಗೆ ನಡೆಯುವ ನಾಣ್ಯ ಒಂದೇ, ಅದು ಸಮಯ. ಹೆಚ್ಚು ಬೇಡಿಕೆಯ ರೈಡಿಗೆ ಹೆಚ್ಚು ಹೊತ್ತು ನಿಲ್ಲಬೇಕು. ಶ್ರೀಮಂತನ ಬಳಿಯೂ ಬಡವನ ಬಳಿಯೂ ಆ ದಿನ ಇರುವುದು ಅದೇ ಏಳೆಂಟು ಗಂಟೆ. ಬಾಗಿಲ ದರವೇ ಅನೇಕರನ್ನು ಹೊರಗಿಡುತ್ತದೆ ನಿಜ, ಆದರೆ ಒಳಗೆ ಬಂದವರ ನಡುವೆ ಒಂದು ಬಗೆಯ ಸಮಾನತೆ ಇತ್ತು.

1999ರಲ್ಲಿ ಡಿಸ್ನಿ ಫಾಸ್ಟ್‌ಪಾಸ್ ಎಂಬ ವ್ಯವಸ್ಥೆ ತಂದಿತು. ರೈಡಿನ ಮುಂದಿನ ಯಂತ್ರಕ್ಕೆ ಪ್ರವೇಶ ಟಿಕೆಟ್ ತೋರಿಸಿದರೆ ಒಂದು ಚೀಟಿ ಬರುತ್ತಿತ್ತು. ಅದರ ಮೇಲೆ ಮರಳಿ ಬರಬೇಕಾದ ಹೊತ್ತು. ಅಲ್ಲಿಯವರೆಗೆ ಐಸ್‌ಕ್ರೀಮ್ ತಿನ್ನಬಹುದು, ನೆರಳಲ್ಲಿ ಕೂರಬಹುದು. ಅದು ಉಚಿತ, ಎಲ್ಲರಿಗೂ ಒಂದೇ. ಸಾಲಿನಲ್ಲಿ ನಿಮ್ಮ ದೇಹದ ಬದಲು ಒಂದು ಚೀಟಿ ನಿಂತಿರುತ್ತಿತ್ತು. ಸುಮಾರು ಎರಡು ದಶಕ ನಡೆದ ಈ ಉಚಿತ ಪದ್ಧತಿಯನ್ನು 2021ರಲ್ಲಿ ನಿಲ್ಲಿಸಿ, ಫ್ಲಾರಿಡಾದ ಪಾರ್ಕುಗಳಲ್ಲಿ ದಿನಕ್ಕೆ 15 ಡಾಲರಿನಿಂದ ಶುರುವಾದ ಜೀನಿ ಪ್ಲಸ್ ಎಂಬ ಸೇವೆ ತಂದರು. 2024ರಲ್ಲಿ ಅದರ ಹೆಸರೂ ಬದಲಾಯಿತು. ಹೊರಗಿನಿಂದ ನೋಡಿದರೆ ಹಳೆಯದೂ ಹೊಸದೂ ಒಂದೇ: ಮುಂಗಡ ಸಮಯ ಗೊತ್ತುಮಾಡಿಕೊಂಡು ಬೇಗ ಒಳಗೆ ಹೋಗುವುದು. ಆದರೆ ಮೊದಲನೆಯದು ಸರದಿಯನ್ನು ಉಳಿಸಿಕೊಂಡು ನಿಲ್ಲುವ ಶ್ರಮವನ್ನು ತಪ್ಪಿಸುತ್ತಿತ್ತು. ಎರಡನೆಯದು ಸರದಿಯನ್ನೇ ಮಾರುತ್ತದೆ. ನನ್ನ ಮಾತೆಲ್ಲ ಈ ವ್ಯತ್ಯಾಸದ ಕುರಿತು.

ಮಾರುವುದರಿಂದ ಯಾರಿಗೆ ನಷ್ಟ ಎಂದು ಕೇಳಬಹುದು. ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ರೈಡು ಗಂಟೆಗೆ 800 ಜನರನ್ನು ಹೊರುತ್ತದೆ, ಸಾಲಿನಲ್ಲಿ ನಿಮ್ಮ ಮುಂದೆ 400 ಜನ ಇದ್ದಾರೆ ಎಂದುಕೊಳ್ಳಿ. ನಿಮಗೆ 30 ನಿಮಿಷ. ಈಗ ಗಂಟೆಗೆ 200 ಆಸನಗಳನ್ನು ಬೇರೆ ಸಾಲಿಗೆ ಕೊಟ್ಟರು. ನಿಮ್ಮ ಸಾಲು ಗಂಟೆಗೆ 600ರಂತೆ ಸಾಗುತ್ತದೆ, ನಿಮಗೆ 40 ನಿಮಿಷ. ನಿಮ್ಮ ಹಿಂದೆ ಬಂದು ನಿಲ್ಲಬೇಕಾಗಿದ್ದವರು ಪಕ್ಕದ ದಾರಿಯಿಂದ ನಿಮಗಿಂತ ಮುಂದೆ ಹೋದರು. ಅವರು ಬೇರೆ ಸಾಲಿಗೆ ಹೋದದ್ದರಿಂದ ನಮ್ಮ ಸಾಲು ಚಿಕ್ಕದಾಯಿತಲ್ಲ ಎಂಬ ಸಮಾಧಾನವೂ ಪೂರ್ತಿ ಸರಿಯಲ್ಲ. ಒಂದೊಂದು ರೈಡಿಗೆ ಕಡಿಮೆ ಹೊತ್ತು ತಗಲುವುದರಿಂದ ಅವರು ದಿನದಲ್ಲಿ ಹೆಚ್ಚು ರೈಡು ಹತ್ತುತ್ತಾರೆ. ಯಂತ್ರದ ಆಸನಗಳಂತೂ ಹೆಚ್ಚಾಗುವುದಿಲ್ಲ. ಜಾಹೀರಾತು "ಸಮಯ ಉಳಿಸಿ" ಎನ್ನುತ್ತದೆ. ಸಮಯ ಉಳಿಯುವುದಿಲ್ಲ, ಒಬ್ಬರ ಲೆಕ್ಕದಿಂದ ಇನ್ನೊಬ್ಬರ ಲೆಕ್ಕಕ್ಕೆ ಹೋಗುತ್ತದೆ.

ಕನ್ನಡದ ಒಂದು ಕ್ರಿಯಾಪದ ಈ ಲೆಕ್ಕವನ್ನು ನಮಗಿಂತ ಮೊದಲೇ ಮಾಡಿಟ್ಟಿದೆ. ‘ಕಾಯು’ ಎಂದರೆ ನಿರೀಕ್ಷಿಸು, ‘ಕಾಯು’ ಎಂದರೆ ಕಾವಲಿರು. ಬಸ್ಸಿಗೆ ಕಾಯುತ್ತೇವೆ, ಹೊಲವನ್ನೂ ಕಾಯುತ್ತೇವೆ. ರಿಸರ್ವೇಶನ್ನಿಗೆ ನಾವು ಬಳಸುವ ‘ಕಾಯ್ದಿರಿಸು’ ಎಂಬ ಮಾತಿನಲ್ಲಿ ಎರಡೂ ಅರ್ಥ ಸೇರಿಕೊಂಡಿವೆ. ಯಾರೋ ನನ್ನ ಪಾಲನ್ನು ಕಾವಲಿದ್ದು ಉಳಿಸುತ್ತಿದ್ದಾರೆ. ಆ ಹೊತ್ತಿಗೆ ಇನ್ನಾರೋ ನಿರೀಕ್ಷೆಯಲ್ಲಿ ನಿಂತಿದ್ದಾರೆ. ನಮ್ಮ ಧಾರವಾಡದ ಕಡೆ ಸಾಲಿನಲ್ಲಿ ನಿಲ್ಲುವುದಕ್ಕೆ ‘ಪಾಳಿ ಹಚ್ಚುವುದು’ ಎನ್ನುತ್ತಾರೆ. ಪಾಳಿ ಎಂದರೆ ಸಾಲೂ ಹೌದು, ನನ್ನ ಸರದಿಯೂ ಹೌದು. ಬೆಂಗಳೂರಿನ ‘ಸರದಿ’ಯೂ ಹಾಗೆಯೇ. ಸಾಲನ್ನು ಬಿಟ್ಟು ಸರದಿಯಿಲ್ಲ ಎಂದು ಈ ಪದಗಳು ನಂಬಿದ್ದವು. ಇವೆರಡನ್ನೂ ಬಿಡಿಸಿ ಬೇರೆಬೇರೆಯಾಗಿ ಮಾರುವ ವ್ಯಾಪಾರ ಈ ಪದಗಳಿಗೆ ಗೊತ್ತಿರಲಿಲ್ಲ.

ಹಾಗೆಂದು ನಮ್ಮ ಪರಂಪರೆ ಸರದಿಯನ್ನು ಗೌರವಿಸಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮೈಕೆಲ್ ಸ್ಯಾಂಡೆಲ್ 2012ರ ತಮ್ಮ ‘ವಾಟ್ ಮನಿ ಕಾಂಟ್ ಬೈ’ ಪುಸ್ತಕದ ಮೊದಲ ಅಧ್ಯಾಯವನ್ನು ಸಾಲು ತಪ್ಪಿಸುವವರ ಕುರಿತೇ ಬರೆದಿದ್ದಾರೆ. ಮನರಂಜನಾ ಪಾರ್ಕುಗಳ ಉದಾಹರಣೆಯೂ ಅಲ್ಲಿದೆ. ಸಾಲಿನ ನೀತಿಯನ್ನು ಮಾರುಕಟ್ಟೆಯ ನೀತಿ ಹೇಗೆ ಹೊರದೂಡುತ್ತಿದೆ ಎಂಬುದು ಅವರ ವಾದ. ವಿದ್ಯಾರ್ಥಿಗಳು ಓದಲೇಬೇಕಾದ ಅಧ್ಯಾಯ. ಆದರೆ ಅದನ್ನು ಬನಶಂಕರಿಯ ಬಾಡಿಗೆ ಮನೆಯಲ್ಲಿ ಕೂತು ಓದುವಾಗ ಒಂದು ಕೊರತೆ ಕಾಣುತ್ತದೆ. ಸ್ಯಾಂಡೆಲ್ಲರ ಚಿತ್ರದಲ್ಲಿ ಇರುವುದು ಎರಡು: ಮೊದಲು ಸಾಲು, ಆಮೇಲೆ ಮಾರುಕಟ್ಟೆ. ನಮ್ಮಲ್ಲಿ ಸಾಲಿಗೂ ಮುಂಚೆ ಪಂಕ್ತಿ ಇತ್ತು. ಊಟಕ್ಕೆ ಯಾರು ಎಲ್ಲಿ ಕೂರಬೇಕು, ಯಾರಿಗೆ ಮೊದಲು ಬಡಿಸಬೇಕು, ಯಾರು ಎಲೆ ಹಾಕಿಕೊಳ್ಳುವಂತೆಯೇ ಇಲ್ಲ ಎಂಬುದು ಹುಟ್ಟಿನಿಂದ ತೀರ್ಮಾನವಾಗುತ್ತಿತ್ತು. ಪಂಕ್ತಿಭೇದ ಎಂಬ ಪದವೇ ಅದಕ್ಕೆ ಸಾಕ್ಷಿ. ಉಡುಪಿಯ ಕನಕನ ಕಿಂಡಿಯ ಐತಿಹ್ಯ ನಮ್ಮ ಮನಸ್ಸಿನಲ್ಲಿ ಇಷ್ಟು ಆಳವಾಗಿ ಉಳಿದಿರುವುದು ಯಾಕೆಂದರೆ ಅಲ್ಲಿ ಸಾಲಿಗೇ ಸೇರಿಸಿಕೊಳ್ಳದವನ ಕಡೆಗೆ ದೇವರು ತಿರುಗಿದ ಎಂದು ಕತೆ ಹೇಳುತ್ತದೆ.

ಈ ಹಿನ್ನೆಲೆಯಲ್ಲಿ ಇಟ್ಟು ನೋಡಿದರೆ ಬಸ್ ನಿಲ್ದಾಣದ, ನ್ಯಾಯಬೆಲೆ ಅಂಗಡಿಯ, ಚಿತ್ರಮಂದಿರದ ಸಾಲು ನಮಗೆ ಸಣ್ಣ ಸಂಗತಿಯಲ್ಲ. ಮುಂದಿರುವವನ ಜಾತಿ ಕೇಳದೆ ಅವನ ಬೆನ್ನ ಹಿಂದೆ ನಿಲ್ಲುವುದನ್ನು ಈ ಸಮಾಜ ಕಲಿತದ್ದು ಇಂಥ ಜಾಗಗಳಲ್ಲಿ. ಕ್ರಮ ನಿರ್ಧರಿಸಲು ಹುಟ್ಟಿನ ಬದಲು ಹೊತ್ತು ಬಂತು. ಈಗ ಹೊತ್ತಿನ ಬದಲು ದುಡ್ಡು ಬರುತ್ತಿದೆ. ಹುಟ್ಟು, ಹೊತ್ತು, ದುಡ್ಡು: ಈ ಮೂರರ ನಡುವಿನ ಘಟ್ಟದಲ್ಲಿ ನಾವು ಎಷ್ಟು ದಿನ ನಿಂತೆವು? ಹೊತ್ತಿನ ನೀತಿ ಸರಿಯಾಗಿ ಬೇರು ಬಿಡುವ ಮೊದಲೇ ದುಡ್ಡಿನ ನೀತಿ ಬಂದಿದೆ. ಅಮೆರಿಕದ ಓದುಗನಿಗೆ ಸಾಲು ತಪ್ಪಿಸುವುದು ಒಂದು ಒಳ್ಳೆಯ ಅಭ್ಯಾಸದ ನಷ್ಟ. ನಮಗೆ ಅದು ಹಳೆಯ ಪಂಕ್ತಿ ಹೊಸ ರೂಪದಲ್ಲಿ ಮರಳುವ ದಾರಿಯೂ ಆಗಬಹುದು, ಯಾಕೆಂದರೆ ದುಡ್ಡು ಇಲ್ಲಿ ಯಾರ ಬಳಿ ಇದೆ ಎಂಬುದನ್ನು ಇವತ್ತಿಗೂ ಹುಟ್ಟು ಬಹುಮಟ್ಟಿಗೆ ತೀರ್ಮಾನಿಸುತ್ತದೆ.

ದುಡ್ಡು ಸಾಲಿನೊಳಗೆ ಬಂದದ್ದು ಹೊಸತೇನೂ ಅಲ್ಲ. ಸ್ಕೂಟರಿಗೆ ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ತಮ್ಮ ಸರದಿಯನ್ನು ಹೆಚ್ಚಿನ ಬೆಲೆಗೆ ಮಾರಿಕೊಂಡವರಿದ್ದರು. ಥಿಯೇಟರುಗಳ ಮುಂದೆ ಬ್ಲಾಕ್ ಟಿಕೆಟ್ ಮಾರುವವರು ಪಿಸುಗುಡುತ್ತಿದ್ದರು. ಆ ಪಿಸುಗುಡುವಿಕೆಯಲ್ಲಿ ಒಂದು ಒಪ್ಪಿಗೆ ಇತ್ತು: ಇದು ತಪ್ಪು ಎಂದು ಮಾರುವವನಿಗೂ ಕೊಳ್ಳುವವನಿಗೂ ಗೊತ್ತಿತ್ತು. ಈಗ ಅದೇ ವ್ಯಾಪಾರ ರಸೀದಿ, ತೆರಿಗೆ ಸಮೇತ ನಡೆಯುತ್ತದೆ. ರೈಲ್ವೆಯ ತತ್ಕಾಲ್ ಟಿಕೆಟ್, ತಿರುಮಲದ 300 ರೂಪಾಯಿಯ ವಿಶೇಷ ಪ್ರವೇಶ ದರ್ಶನ, ಬಿ.ಟಿ.ಎಂ. ಲೇಔಟಿನ ಪಿ.ಜಿ.ಗಳಿಗೆ ಊಟ ತರುವ ಆ್ಯಪಿನಲ್ಲಿ ಬೇಗ ತರಲು ಕೊಡುವ ಹೆಚ್ಚುವರಿ ಶುಲ್ಕ, ಎಲ್ಲವೂ ಒಂದೇ ವ್ಯಾಕರಣದವು. ತಿರುಮಲದಲ್ಲಾದರೂ ಉಚಿತ ಸರ್ವದರ್ಶನಕ್ಕೂ ಸಮಯ ನಿಗದಿ ಮಾಡಿದ ಟೋಕನ್ ಕೊಡುತ್ತಾರೆ. ಅಂದರೆ ದುಡ್ಡಿಲ್ಲದವನಿಗೂ ನಿಲ್ಲುವ ಶ್ರಮ ಸ್ವಲ್ಪ ಕಡಿಮೆಯಾಗುತ್ತದೆ.

ಸಾಲಿನ ಬಗ್ಗೆ ಸಾಹಿತ್ಯ ಏನು ಹೇಳಿದೆ ಎಂದು ಹುಡುಕಿದಾಗ ಸಿಕ್ಕ ಅತ್ಯುತ್ತಮ ಕೃತಿ ರಷ್ಯಾದ ವ್ಲಾದಿಮಿರ್ ಸೊರೋಕಿನ್ ಬರೆದ ‘ಕ್ಯೂ’ ಎಂಬ ಕಾದಂಬರಿ. ಸೋವಿಯತ್ ದೇಶದಲ್ಲಿ ಅಚ್ಚಾಗಲು ಸಾಧ್ಯವಿಲ್ಲದ ಕಾರಣ 1985ರಲ್ಲಿ ಪ್ಯಾರಿಸಿನಲ್ಲಿ ಪ್ರಕಟವಾಯಿತು. ಇಡೀ ಪುಸ್ತಕದಲ್ಲಿ ನಿರೂಪಕನಿಲ್ಲ, ವರ್ಣನೆಯಿಲ್ಲ. ಸಾಲಿನಲ್ಲಿ ನಿಂತವರ ಮಾತು ಮಾತ್ರ. ಮುಂದೆ ಏನು ಮಾರುತ್ತಿದ್ದಾರೆ ಎಂಬುದೇ ಖಚಿತವಿಲ್ಲ. ಹಾಜರಿ ಕೂಗುವಾಗ ಪುಟಗಟ್ಟಲೆ ಹೆಸರುಗಳು. ನಾಯಕ ನಿದ್ದೆ ಹೋದಾಗ ಖಾಲಿ ಪುಟಗಳು. ಜನ ಜಗಳವಾಡುತ್ತಾರೆ, ಪ್ರೀತಿ ಮಾಡುತ್ತಾರೆ, ಜಾಗ ನೋಡಿಕೊಳ್ಳಿ ಎಂದು ಹೇಳಿ ಊಟಕ್ಕೆ ಹೋಗುತ್ತಾರೆ. ಓದುತ್ತಾ ಹೋದಂತೆ ಇಷ್ಟು ಕ್ರೂರವಾದ ಸಾಲಿನಲ್ಲಿಯೂ ಒಂದು ಸಮಾಜ ಹುಟ್ಟಿಕೊಂಡಿರುವುದು ಕಾಣುತ್ತದೆ. ಕೊನೆಗೆ ನಾಯಕ ವಾದಿಂ ಮಳೆಯಿಂದ ತಪ್ಪಿಸಿಕೊಳ್ಳಲು ಒಬ್ಬಳ ಮನೆ ಸೇರುತ್ತಾನೆ. ಅವಳು ಆ ಅಂಗಡಿಯವಳೇ ಎಂದು ತಿಳಿಯುತ್ತದೆ. ಇನ್ನವನು ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಕಾದಂಬರಿ ಅಲ್ಲಿಗೆ ಮುಗಿಯುತ್ತದೆ.

ಮೊದಲ ಓದಿನಲ್ಲಿ ಅದು ಸುಖಾಂತವೆನ್ನಿಸಿತ್ತು. ಪಾರ್ಕಿನಿಂದ ಬಂದ ಮೇಲೆ ಮತ್ತೆ ಓದಿದಾಗ ಬೇರೆ ಕಂಡಿತು. ವಾದಿಂಗೆ ಸರಕು ಸಿಗುವ ಕ್ಷಣದಲ್ಲಿ ಉಳಿದವರೆಲ್ಲ ಪುಸ್ತಕದಿಂದ ಮಾಯವಾಗಿದ್ದಾರೆ. ಅವರ ದನಿ ಕೇಳುವುದಿಲ್ಲ, ಅವರಿಗೇನಾಯಿತೋ ಗೊತ್ತಿಲ್ಲ. ಮಾತಿನಿಂದಲೇ ಕಟ್ಟಿದ ಕಾದಂಬರಿಯಲ್ಲಿ ಮಾತು ನಿಂತುಹೋಗುವುದು ಎಂದರೆ ಆ ಜನ ಇಲ್ಲವಾಗುವುದು. ಸಾಲಿನಿಂದ ಪಾರಾದವನಿಗೆ ಸಾಲು ಕಾಣುವುದು ನಿಲ್ಲುತ್ತದೆ. ಸೊರೋಕಿನ್ ಸಮಾಜವಾದಿ ಕೊರತೆಯ ಬಗ್ಗೆ ಬರೆದರು ಎಂದು ಎಲ್ಲರೂ ಹೇಳುತ್ತಾರೆ. ಪರಿಚಯದ ಬಲದಿಂದ ಸಾಲು ತಪ್ಪಿಸುವುದಕ್ಕೂ ದುಡ್ಡಿನ ಬಲದಿಂದ ತಪ್ಪಿಸುವುದಕ್ಕೂ ಇರುವ ಅಂತರ ಎಷ್ಟು ತೆಳು ಎಂಬುದನ್ನೂ ಆ ಕೊನೆ ಹೇಳುತ್ತದೆ.

ಪಾರ್ಕಿನ ಆ ದಿನಕ್ಕೆ ಮರಳುತ್ತೇನೆ. ನಮ್ಮ ಬೇರೆ ದಾರಿ ಕೆಲವು ಕಡೆ ಸಾಮಾನ್ಯ ಸಾಲಿನ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಒಂದೇ ರೈಡಿಗೆ ನಾವು ಎರಡನೇ ಸಲ ಹೋದಾಗ ಅಕ್ಕನ ಮಗ ನನ್ನ ಕೈ ಜಗ್ಗಿ, ಹಳದಿ ಅಂಗಿಯ ಒಬ್ಬ ಹುಡುಗನನ್ನು ತೋರಿಸಿ, "ಅವನು ಆಗಲೂ ಇಲ್ಲೇ ಇದ್ದ" ಎಂದ. ನಾವು ಮೊದಲ ಸಲ ಹೋಗುವಾಗ ಆ ಹುಡುಗ ನಮಗಿಂತ ಮುಂದಿದ್ದ. ಈಗಲೂ ಅವನ ಸರದಿ ಬಂದಿರಲಿಲ್ಲ. ನಾನು ಏನೋ ಹೇಳಿ ಮಾತು ಮರೆಸಿದೆ. ಮೂರನೇ ಸಲ ಹೋಗೋಣ ಎಂದು ಗೆಳೆಯ ಕೇಳಿದಾಗ ಅಕ್ಕನ ಮಗ ಬೇಡ ಎಂದ. ಅವನಿಗೆ ಸುಸ್ತಾಗಿತ್ತೋ, ಆ ಹುಡುಗನ ಕಣ್ಣು ತಪ್ಪಿಸುವುದಿತ್ತೋ ಕೇಳಲಿಲ್ಲ. ನಾನಂತೂ ಆ ಕಡೆ ನೋಡದೆ ನಡೆದಿದ್ದೆ. ಆ ಟಿಕೆಟ್ಟು ಕೊಂಡವನು ನಾನೇ ಎಂಬುದನ್ನು ಇಲ್ಲಿ ಮುಚ್ಚಿಡಲಾರೆ.

ವಿದೇಶದ ಕೆಲವು ಪಾರ್ಕುಗಳು ದುಬಾರಿ ಟಿಕೆಟ್ಟಿನವರನ್ನು ಹಿಂಬಾಗಿಲಿನಿಂದ ಒಳಗೆ ಬಿಡುತ್ತವೆ ಎಂದು ಸ್ಯಾಂಡೆಲ್ ಬರೆಯುತ್ತಾರೆ. ಇದು ತಪ್ಪಲ್ಲವಾದರೆ ಮರೆಮಾಚುವುದೇಕೆ? ಡೇವಿಡ್ ಮೈಸ್ಟರ್ ಎಂಬ ಅಧ್ಯಯನಕಾರ 1985ರಲ್ಲಿ ಸಾಲಿನ ಮನಶ್ಶಾಸ್ತ್ರದ ಬಗ್ಗೆ ಬರೆದ ಲೇಖನದಲ್ಲಿ ಗುರುತಿಸಿದ ಒಂದು ಅಂಶ ಇಲ್ಲಿ ನೆನಪಾಗುತ್ತದೆ: ನ್ಯಾಯವಾಗಿ ಕಾಯುವುದಕ್ಕಿಂತ ಅನ್ಯಾಯವಾಗಿ ಕಾಯುವುದು ಹೆಚ್ಚು ದೀರ್ಘವೆನ್ನಿಸುತ್ತದೆ. ಹಳದಿ ಅಂಗಿಯ ಹುಡುಗನಿಗೆ ನಾವು ಸೇರಿಸಿದ್ದು ಕೆಲವು ನಿಮಿಷ ಮಾತ್ರ ಇರಬಹುದು. ಆ ನಿಮಿಷಗಳ ತೂಕ ಬೇರೆ.

ಇಷ್ಟೆಲ್ಲ ಹೇಳಿ ಸಾಲಿನಲ್ಲಿ ನಿಲ್ಲುವುದನ್ನೇ ಒಂದು ಮೌಲ್ಯವೆಂದು ಹೊಗಳಲು ನನಗೆ ಮನಸ್ಸಿಲ್ಲ. ಸಾಲನ್ನು ಸಾಹಿತ್ಯದಲ್ಲಿ ಓದುವವರಿಗೆ ಆ ಆಮಿಷ ಇರುತ್ತದೆ. ಅಮ್ಮನ ಮಂಡಿ ನೋವಿಗೆ ತೋರಿಸಲು ಹೋದಾಗ ಎರಡು ಗಂಟೆ ನಿಲ್ಲಬೇಕಾಗಿ ಬಂದು, ಆ ಸಾಲಿನಲ್ಲಿ ನನಗೆ ಯಾವ ಸಮಾನತೆಯ ಸೌಂದರ್ಯವೂ ಕಂಡಿಲ್ಲ. ಒಂದು ಟೋಕನ್ ಮತ್ತು ಒಂದು ಕುರ್ಚಿ ಸಾಕಾಗಿತ್ತು. ಗರ್ಭಿಣಿಗೆ, ಮುದುಕರಿಗೆ, ಗಾಲಿ ಕುರ್ಚಿಯವರಿಗೆ ಎಲ್ಲರಂತೆ ನಿಲ್ಲಿ ಎನ್ನುವುದು ನ್ಯಾಯವಲ್ಲ. ಹಾಗಾಗಿ ಹುಟ್ಟು, ಹೊತ್ತು, ದುಡ್ಡುಗಳ ಜೊತೆಗೆ ಅಗತ್ಯ ಎಂಬ ನಾಲ್ಕನೆಯ ತತ್ವವೂ ಬೇಕು. ಅದು ಹೊತ್ತಿನ ನೀತಿಯನ್ನು ಮುರಿಯುತ್ತದೆ, ಆದರೆ ಎಲ್ಲರ ಕಣ್ಣೆದುರು, ಎಲ್ಲರೂ ಒಪ್ಪುವ ಕಾರಣಕ್ಕೆ ಮುರಿಯುತ್ತದೆ. 2013ರಲ್ಲಿ ಅಮೆರಿಕದ ಕೆಲವು ಸಿರಿವಂತ ಕುಟುಂಬಗಳು ಅಂಗವಿಕಲರನ್ನು ಬಾಡಿಗೆಗೆ ಕರೆದುಕೊಂಡು ಹೋಗಿ ಡಿಸ್ನಿಯಲ್ಲಿ ಸಾಲು ತಪ್ಪಿಸುತ್ತಿವೆ ಎಂಬ ವರದಿಗಳು ಬಂದವು. ಆ ವರ್ಷವೇ ಡಿಸ್ನಿ ತನ್ನ ನಿಯಮ ಬದಲಿಸಿತು. ಅಗತ್ಯಕ್ಕಾಗಿ ತೆರೆದ ಬಾಗಿಲಿನಲ್ಲೂ ದುಡ್ಡು ಹೇಗೆ ನುಸುಳುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ರಿಸರ್ವೇಶನ್ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಅನುವಾದಗಳಿವೆ. ಒಂದು ಕಾಯ್ದಿರಿಸುವಿಕೆ, ಇನ್ನೊಂದು ಮೀಸಲಾತಿ. ಸಾಲಿಗೇ ಸೇರಿಸಿಕೊಳ್ಳದವರಿಗೆ ಸಾಲಿನಲ್ಲಿ ಜಾಗ ಕೊಡುವ ಪ್ರಯತ್ನ ಮೀಸಲಾತಿ. ನಮ್ಮ ಅಪಾರ್ಟ್‌ಮೆಂಟುಗಳ, ಕಾಲೇಜು ಕ್ಯಾಂಟೀನುಗಳ ಚರ್ಚೆಯಲ್ಲಿ ಅದರ ಮೇಲೆ ಬರುವ ಆಕ್ಷೇಪ ಯಾವಾಗಲೂ ಒಂದೇ: ನಾವು ಸಾಲಿನಲ್ಲಿ ನಿಂತಿದ್ದೇವೆ, ಅವರು ಮುಂದೆ ಹೋಗುತ್ತಿದ್ದಾರೆ. ಹೀಗೆ ಹೇಳುವವರಲ್ಲಿ ಅನೇಕರು ವಾರಾಂತ್ಯದಲ್ಲಿ ಯಾವ ಅಳುಕೂ ಇಲ್ಲದೆ ಸಾಲು ತಪ್ಪಿಸುವ ಟಿಕೆಟ್ಟು ಕೊಳ್ಳುತ್ತಾರೆ. ಸಾಲು ಅಷ್ಟು ಪವಿತ್ರವಾಗಿದ್ದರೆ ಎರಡು ಕಡೆಯೂ ಪವಿತ್ರವಾಗಿರಬೇಕಿತ್ತು. ಒಂದನ್ನು ಅನ್ಯಾಯವೆಂದೂ ಇನ್ನೊಂದನ್ನು ಸೌಲಭ್ಯವೆಂದೂ ಕರೆಯುವ ಅಭ್ಯಾಸದಲ್ಲಿ ನಮ್ಮ ನಗರದ ಮಧ್ಯಮವರ್ಗದ ನೈತಿಕತೆಯ ಬಿರುಕು ಕಾಣುತ್ತದೆ. ನಾನೂ ಆ ಬಿರುಕಿನೊಳಗೇ ಇದ್ದೇನೆ.

ಹಾಗಾದರೆ ಮುಂಗಡ ಕಾಯ್ದಿರಿಸುವ ಪದ್ಧತಿಯೇ ಬೇಡವೇ? ಬೇಕು. ಬಿಸಿಲಲ್ಲಿ ಒಂದು ಗಂಟೆ ನಿಲ್ಲುವ ಬದಲು ಫೋನಿನಲ್ಲಿ ಸರದಿ ಬರೆಸಿ ಮರದಡಿ ಕೂರುವುದು ಒಳ್ಳೆಯದೇ. ಆ ಚೀಟಿ ಎಲ್ಲರಿಗೂ ಸಿಗಬೇಕು, ಬಂದ ಕ್ರಮದಲ್ಲಿ ಸಿಗಬೇಕು, ಅಗತ್ಯವಿದ್ದವರಿಗೆ ಮೊದಲು ಸಿಗಬೇಕು. ಬಾಗಿಲ ದರದಲ್ಲೇ ಅದು ಸೇರಿರಬೇಕು. ವ್ಯಾಪಾರಕ್ಕೆ ಹೆಚ್ಚು ಹಣ ಬೇಕೆಂದರೆ ಊಟ, ಲಾಕರು, ಕೋಣೆ, ಫೋಟೋ, ಮಾರಲು ನೂರು ವಸ್ತುಗಳಿವೆ. ಅವುಗಳಲ್ಲಿ ಯಾವುದನ್ನು ನಾನು ಕೊಂಡರೂ ಪಕ್ಕದವನ ಸರದಿ ಹಿಂದೆ ಹೋಗುವುದಿಲ್ಲ. ನನ್ನ ದೇಹದ ಬದಲು ಚೀಟಿ ನಿಲ್ಲಲಿ. ನನ್ನ ಬದಲು ಇನ್ನೊಬ್ಬನ ಮಗ ನಿಲ್ಲುವುದು ಬೇಡ.

ರಂಗಶಂಕರದಲ್ಲಿ ಗೆಳೆಯ ಕೇಳಿದ ಪ್ರಶ್ನೆಗೆ ಆಗ ಉತ್ತರ ಹೊಳೆಯಲಿಲ್ಲ. ಈಗ ಹೀಗೆ ಹೇಳಬಲ್ಲೆ. ಅಲ್ಲಿ ನಾವು ಬುಕ್ ಮಾಡಿದ್ದು ನಾಟಕವನ್ನು. ಇನ್ನೊಬ್ಬರಿಗಿಂತ ಮುಂದಿರುವ ಹಕ್ಕನ್ನು ಅವರು ಮಾರಲಿಲ್ಲ, ನಾವು ಕೊಳ್ಳಲಿಲ್ಲ. ಅಂದು ಬಾಗಿಲು ತೆರೆದಾಗ ನಮ್ಮ ಮುಂದಿದ್ದ ಹಿರಿಯರೊಬ್ಬರು ಮೆಟ್ಟಿಲು ಹತ್ತಲು ತಡವಾದರು. ಹಿಂದಿದ್ದ ನಾವೆಲ್ಲ ಅವರ ವೇಗಕ್ಕೇ ನಡೆದೆವು. ಗೆಳೆಯನೂ ನಡೆದ. ಅವನಿಗೆ ಸಿಕ್ಕಿದ್ದು ಮೇಲಿನ ಸಾಲಿನ ಕುರ್ಚಿ. ನಾಟಕ ಅಲ್ಲಿಂದಲೂ ಕಾಣುತ್ತಿತ್ತು.